ಗ್ರಂಥಾಲಯದ ಸ್ಟಾಕ್ ರಿಜಿಸ್ಟರನ್ನು ಅಂತರ್ಜಾಲಕ್ಕೆ ಏರಿಸಲು ಕಲಿತವರು ಅನುಭವ ತಿಳಿಸುವಿರಾ?

ಬೋವಿಕ್ಕಾನದ ಗ್ರಂಥಪಾಲಕಿ:
ನಾನು ಕೇರಳದ ಕಾಸರಗೋಡು ಜಿಲ್ಲೆಯ ಬೋವಿಕ್ಕಾನದ ಸಮೀಪದ ಒಂದು ಗ್ರಾಮೀಣ ಗ್ರಂಥಾಲಯದಲ್ಲಿ 19 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿರುವ 6,200 ಪುಸ್ತಕಗಳಲ್ಲಿ ಸುಮಾರು 3,800 ಕನ್ನಡದವು, ಉಳಿದವು ಹೆಚ್ಚಾಗಿ ಮಲಯಾಳದವು. ಜೂನ್ 19ರ ವಾಚನ ದಿನದೊಳಗೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಓದುಗರು ಮನೆಯಿಂದಲೇ ಮೊಬೈಲಿನಲ್ಲಿ ಹುಡುಕುವಂತೆ ಮಾಡಬೇಕೆಂದು ಸಮಿತಿಯವರು ತೀರ್ಮಾನಿಸಿದ್ದಾರೆ. ಮೂರು ದಿನಗಳ ತರಬೇತಿಗೆ ಹೋಗಿಬಂದೆ. ಪಾಠವೂ ಕೈಪಿಡಿಯೂ ಮಲಯಾಳದಲ್ಲಿದ್ದುವು. ಕನ್ನಡ ಶೀರ್ಷಿಕೆಗಳನ್ನು ಏನು ಮಾಡಬೇಕೆಂಬ ಮಾತೇ ಬರಲಿಲ್ಲ. ನನಗೆ ಕೊಹಾ ಎಂಬ ಗ್ರಂಥಾಲಯ ತಂತ್ರಾಂಶವನ್ನು ಕಲಿಯುವುದು ಸಾಧ್ಯವೇ, ಅಥವಾ ಅಂತರ್ಜಾಲದ ಲೆಕ್ಕದ ಹಾಳೆಯಾದ ಗೂಗಲ್ ಶೀಟ್ಸ್ ಸಾಕೇ?

ಪೆರ್ಲದಿಂದ:
ಅಕ್ಕ, ತಂತ್ರಾಂಶದ ಪ್ರಶ್ನೆಗಿಂತ ಮೊದಲು ಅಕ್ಷರದ ಪ್ರಶ್ನೆ ಬರುತ್ತದೆ. ನಾನು 14 ತಿಂಗಳು ಕುಳಿತು 2,940 ಪುಸ್ತಕಗಳ ವಿವರವನ್ನು 'ನುಡಿ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದೆ. ಆ ಫಾಂಟುಗಳು ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯುನಿಕೋಡ್ ಸಂಕೇತದವಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಪಟ್ಟಿಯನ್ನು ಏರಿಸಿದ ದಿನ ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳಲ್ಲದೆ ಬೇರೇನೂ ಕಾಣಲಿಲ್ಲ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಪರಿವರ್ತಿಸಿಕೊಡಲು ಅಂಗಡಿಯವನಿಗೆ 3,600 ರೂಪಾಯಿ ಕೊಟ್ಟೆ, ಒತ್ತಕ್ಷರಗಳು ಕೆಟ್ಟದ್ದನ್ನು ಸರಿಪಡಿಸಲು ಮತ್ತೆ ಏಳು ವಾರ ಹಿಡಿಯಿತು, ಕನ್ನಡಕದ ಸಂಖ್ಯೆಯೂ ಬದಲಾಯಿತು.

ಅಷ್ಟಾದರೂ ಮುಗಿಯಲಿಲ್ಲ. ಸ್ಥಳೀಯ ಇತಿಹಾಸದ ಕಪಾಟಿನಲ್ಲಿ ಮಂಜೇಶ್ವರದ ಹೆಸರಿರುವ 41 ಪುಸ್ತಕಗಳಿವೆ. ಹುಡುಕಿದರೆ ಮೂರೇ ಸಿಕ್ಕಿದುವು. ಸಹಾಯಕ್ಕೆ ಬಂದಿದ್ದ ಹುಡುಗ ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದ್ದ. 'ಮಂಜೇಶ್ವರ', 'ಮ೦ಜೇಶ್ವರ' ಎಂಬ ಎರಡನ್ನೂ ನೋಡಿ. ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಆದರೆ ಅನುಸ್ವಾರದ ಯುನಿಕೋಡ್ ಸ್ಥಾನ 0ಸಿ82, ಸೊನ್ನೆಯದು 0ಸಿಇ6. ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು.

ನೀರ್ಚಾಲಿನ ನಿವೃತ್ತ ಅಧ್ಯಾಪಕರು:
ಗ್ರಂಥಾಲಯಕ್ಕೆಂದೇ ಹುಟ್ಟಿದ ತಂತ್ರಾಂಶವಿರುವಾಗ ಲೆಕ್ಕದ ಹಾಳೆಯನ್ನು ಹಿಡಿದು ಕೂರುವುದು ಓದುಗರಿಗೆ ಮಾಡುವ ಅನ್ಯಾಯ. ನ್ಯೂಜಿಲ್ಯಾಂಡಿನ ಒಂದು ಗ್ರಾಮೀಣ ಪ್ರದೇಶದ ಗ್ರಂಥಾಲಯದವರಿಗೆ ತಮ್ಮ ಹಳೆಯ ತಂತ್ರಾಂಶ 2000ದ ಇಸವಿಯನ್ನು ದಾಟಲಾರದೆಂದು ತಿಳಿದಾಗ ಕೊಹಾ ಸಿದ್ಧವಾಯಿತು. ಆ ವರ್ಷದ ಜನವರಿಯಲ್ಲಿ ಬಳಕೆಗೆ ಬಂತು. ಮಾವೋರಿ ಭಾಷೆಯಲ್ಲಿ ಆ ಹೆಸರಿಗೆ ಕಾಣಿಕೆ ಎಂದು ಅರ್ಥ. ನಾನು 63ನೇ ವಯಸ್ಸಿನಲ್ಲಿ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಅದರ ಮೇಲೆ ಕೊಹಾ ಸ್ಥಾಪಿಸಿ, ನಮ್ಮ ವಾಚನಾಲಯದ 4,480 ಪುಸ್ತಕಗಳನ್ನು ಸೇರಿಸಿದ್ದೇನೆ.

ತಂತ್ರಾಂಶ ಉಚಿತವೆಂದರೆ ಖರ್ಚಿಲ್ಲವೆಂದಲ್ಲ. ಹಳೆಯ ಕಂಪ್ಯೂಟರಿಗೆ 14,000, ಹೆಚ್ಚುವರಿ ರ‍್ಯಾಮಿಗೆ 1,900, ಬಾರ್‌ಕೋಡ್ ಓದುವ ಯಂತ್ರಕ್ಕೆ 2,350 ರೂಪಾಯಿ ಆಯಿತು. ತುಲಾ ಮಾಸದ ಒಂದು ಸಂಜೆ ಸಿಡಿಲು ಬಡಿದು ಯುಪಿಎಸ್, ಮೋಡೆಮ್, ಹಾರ್ಡ್ ಡಿಸ್ಕ್ ಮೂರೂ ಹೋದುವು. ಬ್ಯಾಕಪ್ಪನ್ನು ಅದೇ ಡಿಸ್ಕಿನಲ್ಲಿ ಇಟ್ಟಿದ್ದೆ. ಹನ್ನೊಂದು ವಾರಗಳ 1,130 ನಮೂದುಗಳು ನಾಶವಾದುವು. ಈಗ ಪ್ರತಿ ಶನಿವಾರ ಪೆನ್‌ಡ್ರೈವಿನಲ್ಲಿ ಪ್ರತಿ ತೆಗೆದು ಮನೆಗೆ ಒಯ್ಯುತ್ತೇನೆ. ಇನ್ನೊಂದು ಮಾತು: ಕೊಹಾದಲ್ಲಿ ಕನ್ನಡ ಸರಿಯಾಗಿ ಹುಡುಕಬೇಕಾದರೆ ಅದರೊಳಗಿನ ಝೀಬ್ರಾ ಎಂಬ ಹುಡುಕಾಟದ ಸೂಚಿಯನ್ನು, ಯುನಿಕೋಡ್ ಪದಗಳನ್ನು ಗುರುತಿಸುವ ಐಸಿಯು ಎಂಬ ವಿಧಾನಕ್ಕೆ ಬದಲಾಯಿಸಿ, ಇಡೀ ಸೂಚಿಯನ್ನು ಮರಳಿ ಕಟ್ಟಬೇಕು. ಇದೊಂದನ್ನು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಉಪ್ಪಳದಿಂದ:
ಮಾಸ್ಟ್ರೇ, ಅನ್ಯಾಯ ಎಂಬ ಮಾತನ್ನು ದಯವಿಟ್ಟು ಹಿಂದೆಗೆದುಕೊಳ್ಳಿ. ನಿಮಗೆ ಹಗಲೆಲ್ಲ ಬಿಡುವಿದೆ, ಪಿಂಚಣಿಯೂ ಇದೆ. ನಾನು ಬೆಳಗ್ಗೆ ಅಂಗನವಾಡಿ, ಸಂಜೆ ನಾಲ್ಕರಿಂದ ಏಳರವರೆಗೆ ಗ್ರಂಥಾಲಯ ಎಂದು ಓಡಾಡುವವಳು. ಬಾಗಿಲು ತೆಗೆಯುವುದೂ ಕಸ ಗುಡಿಸುವುದೂ ನಾನೇ. ನಮ್ಮ 2,700 ಪುಸ್ತಕಗಳು ಗೂಗಲ್ ಶೀಟ್ಸಿನಲ್ಲಿವೆ. ಓದುಗರಿಗೆ ನೋಡಲು ಮಾತ್ರ ಸಾಧ್ಯವಾಗುವ ಕೊಂಡಿಯನ್ನು ವಾಟ್ಸಾಪ್ ಗುಂಪಿನಲ್ಲಿ ಕೊಟ್ಟಿದ್ದೇನೆ.

ನಷ್ಟ ನನಗೂ ಆಗಿದೆ. ಒಬ್ಬ ಕಾರ್ಯಕರ್ತ ಶೀರ್ಷಿಕೆಯ ಕಾಲಂ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿದ. ಶೀರ್ಷಿಕೆಗಳು ಸ್ಥಾನ ಬದಲಿಸಿದುವು, ಲೇಖಕರೂ ಪುಸ್ತಕದ ಸಂಖ್ಯೆಗಳೂ ಇದ್ದಲ್ಲೇ ಉಳಿದುವು. ಅಡುಗೆ ಪುಸ್ತಕಕ್ಕೆ ಯಕ್ಷಗಾನ ಪ್ರಸಂಗಕರ್ತರ ಹೆಸರು ಬಂತು. 1,700 ಸಾಲುಗಳನ್ನು ರಿಜಿಸ್ಟರ್ ನೋಡಿ ಒಂದೊಂದಾಗಿ ತಿದ್ದಿದೆ, ಐದು ವಾರ ಹಿಡಿಯಿತು. ಹಿಂದಿನ ಆವೃತ್ತಿಗೆ ಮರಳುವ ಸೌಲಭ್ಯ ಅದರಲ್ಲಿಯೇ ಇದೆಯೆಂದು ಆಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತೋರಿಸಿಕೊಟ್ಟಳು. ಮೂರು ದಿನದ ತರಬೇತಿಯಲ್ಲಿ ಇದನ್ನು ಹೇಳಲು ಯಾರಿಗೂ ಎರಡು ನಿಮಿಷ ಸಿಕ್ಕಿರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಕುಂಬಳೆಯಿಂದ:
ನಾವು ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಲಿಪಿಯಲ್ಲಿಯೇ ಹಾಕಿದ್ದೇವೆ. ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಮಂದಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬಾರದು. ತಮ್ಮ ಹಿರಿಯರಿಗಾಗಿ ಪುಸ್ತಕ ಹುಡುಕುವವರು ಅವರೇ. ಫಾಂಟಿನ ತೊಂದರೆ ನಮಗೆ ಒಂದು ದಿನವೂ ಆಗಿಲ್ಲ.

ಪೆರ್ಲದಿಂದ:
ಕನ್ನಡ ಪುಸ್ತಕಕ್ಕೆ ಕನ್ನಡದಲ್ಲಿ ಹೆಸರಿಲ್ಲದ ಗ್ರಂಥಾಲಯ ಈ ಗಡಿನಾಡಿನಲ್ಲಿ ಇರಬಾರದು. ಭಾವನೆಯ ಮಾತು ಬೇಡವೆಂದರೆ ಕೆಲಸದ ಮಾತನ್ನೇ ಹೇಳುತ್ತೇನೆ. ನೀವು ಬರೆಯುವ ಲಿಪಿಯಲ್ಲಿ ಹಲ್ಲಿಯೂ ಹಳ್ಳಿಯೂ ಒಂದೇ, ಬಲೆಯೂ ಬಳೆಯೂ ಒಂದೇ. ಒಬ್ಬರು ದೀರ್ಘಕ್ಕೆ ಎರಡು ಅಕ್ಷರ ಹಾಕಿದರೆ ಇನ್ನೊಬ್ಬರು ಒಂದೇ ಹಾಕುತ್ತಾರೆ. ಓದುಗ ಯಾವ ಕಾಗುಣಿತದಲ್ಲಿ ಹುಡುಕಬೇಕು?

ಕುಂಬಳೆಯಿಂದ:
ನನಗೆ ಕನ್ನಡಾಭಿಮಾನದ ಪಾಠ ಬೇಡ. ನನ್ನ ತಂದೆಯವರು ಈ ವಾಚನಾಲಯಕ್ಕೆ ಮನೆ ಮನೆ ತಿರುಗಿ ಪುಸ್ತಕ ಸಂಗ್ರಹಿಸಿದವರು.

ನೀರ್ಚಾಲಿನ ನಿವೃತ್ತ ಅಧ್ಯಾಪಕರು:
ಇಬ್ಬರೂ ಜಗಳವಾಡಬೇಕಾಗಿಲ್ಲ. ಗ್ರಂಥಾಲಯಗಳು ಪುಸ್ತಕದ ವಿವರ ದಾಖಲಿಸಲು ಬಳಸುವ ಮಾರ್ಕ್ 21 ನಮೂನೆಯಲ್ಲಿ ಶೀರ್ಷಿಕೆಗೆ 245ನೆಯ ಕ್ಷೇತ್ರವಿದೆ, ಅದನ್ನೇ ಇನ್ನೊಂದು ಲಿಪಿಯಲ್ಲಿ ಬರೆಯಲು 880ನೆಯ ಕ್ಷೇತ್ರವಿದೆ. ಎರಡೂ ಲಿಪಿಗಳಲ್ಲಿ ಹುಡುಕಬಹುದು. ಕೊಹಾ ಹಾಕಿದ್ದರೆ ಈ ಚರ್ಚೆಯೇ ಬರುತ್ತಿರಲಿಲ್ಲ.

ಉಪ್ಪಳದಿಂದ:
ಶೀಟ್ಸಿನಲ್ಲಿ ಇನ್ನೊಂದು ಕಾಲಂ ಹಾಕಿದರೂ ಅದೇ ಕೆಲಸ ನಡೆಯುತ್ತದೆ, ಮಾಸ್ಟ್ರೇ. ಅನ್ಯಾಯದ ಮಾತನ್ನು ನೀವು ಇನ್ನೂ ಹಿಂದೆಗೆದುಕೊಂಡಿಲ್ಲ. ನಿಮ್ಮ ಕೊಹಾದಲ್ಲಿಯೂ ವರ್ಗ ಸಂಖ್ಯೆ ಹಾಕುವವರು ಮನುಷ್ಯರೇ. ಪುಸ್ತಕಗಳನ್ನು ವಿಷಯವಾರು ಅಂಕಿಗಳಲ್ಲಿ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಮಲಯಾಳಕ್ಕೆ 894.812. ಕೊನೆಯ ಅಂಕಿಯೊಂದು ತಪ್ಪಿ ಅರುವತ್ತು ಕನ್ನಡ ಕಾದಂಬರಿಗಳು ಮಲಯಾಳದ ಕಪಾಟಿಗೆ ಹೋದದ್ದು ನಿಮ್ಮ ವಾಚನಾಲಯದಲ್ಲಿಯೇ; ನಾನೇ ಬಂದು ನೋಡಿದ್ದೇನೆ.

ನೀರ್ಚಾಲಿನ ನಿವೃತ್ತ ಅಧ್ಯಾಪಕರು:
ಆ ತಪ್ಪನ್ನು ಮರುದಿನವೇ ಸರಿಪಡಿಸಿದ್ದೇನೆ. ಅನ್ಯಾಯ ಎಂದದ್ದು ನಿಮ್ಮಂಥ ಒಂಟಿ ಕೈಯ ದುಡಿಮೆಯವರಿಗೆ ಅನ್ವಯಿಸುವುದಿಲ್ಲ. ಆ ಮಾತನ್ನು ಹಿಂದೆಗೆದುಕೊಂಡಿದ್ದೇನೆ. ಕೊಹಾದ ಬಗ್ಗೆ ಹೇಳಿದ್ದರಲ್ಲಿ ಬದಲಾವಣೆಯಿಲ್ಲ.

ಬೋವಿಕ್ಕಾನದ ಗ್ರಂಥಪಾಲಕಿ:
ನಿನ್ನೆ ರಾತ್ರಿ ಶೀಟ್ಸ್ ತೆರೆದು, ನಮ್ಮ ಹುಡುಗಿ ಈವರೆಗೆ ಬೆರಳಚ್ಚು ಮಾಡಿದ 380 ಸಾಲುಗಳಲ್ಲಿ ಕನ್ನಡದ ಸೊನ್ನೆಯನ್ನು ಹುಡುಕಿದೆ. 57 ಶೀರ್ಷಿಕೆಗಳಲ್ಲಿ ಸಿಕ್ಕಿತು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಪುಟಸಂಖ್ಯೆಗಳು ಕೆಡುವುದಿಲ್ಲವೇ?

ಪೆರ್ಲದಿಂದ:
ಪುಟಸಂಖ್ಯೆ ಇಂಗ್ಲಿಷ್ ಅಂಕಿಗಳಲ್ಲಿದ್ದರೆ ಕೆಡುವುದಿಲ್ಲ, ಕನ್ನಡ ಅಂಕಿಗಳಲ್ಲಿದ್ದರೆ ಕೆಡುತ್ತದೆ. ಆದುದರಿಂದ ಮೊದಲು ಕಡತದ ಒಂದು ಪ್ರತಿ ತೆಗೆದಿಡಿ, ಶೀರ್ಷಿಕೆ ಮತ್ತು ಲೇಖಕರ ಕಾಲಂಗಳನ್ನು ಮಾತ್ರ ಆಯ್ದು ಬದಲಿಸಿ, ಶೀರ್ಷಿಕೆಯೊಳಗೆ ಕನ್ನಡ ಅಂಕಿಗಳಲ್ಲಿ ಇಸವಿ ಇದ್ದರೆ ಅದನ್ನು ಕೈಯಲ್ಲೇ ನೋಡಿಕೊಳ್ಳಿ. ಹುಡುಗಿಗೆ ಕೀಲಿಮಣೆಯನ್ನೂ ತೋರಿಸಿಕೊಡಿ: ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅನುಸ್ವಾರ ಇರುವುದು ಎಕ್ಸ್ ಕೀಲಿಯಲ್ಲಿ, ನುಡಿಯ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು ಎಮ್ ಒತ್ತಬೇಕು.