ಪೈಥಾನ್‌ನಲ್ಲಿ ವಾಲ್ಯೂಮ್ ಇಳಿಸಿದರೂ ಸಿಸ್ಟಂ ಸೌಂಡ್ ಇಳಿಯುತ್ತಿಲ್ಲ (ವಿಂಡೋಸ್ 10)

ಮಂಡಿ ಹುಡುಗ, ಕೋಲಾರ:
ಎಪಿಎಂಸಿ ಯಾರ್ಡಿನ ಟೊಮೆಟೊ ಮಂಡಿಯೊಂದಕ್ಕೆ ಲಾಟ್ ನಂಬರ್ ಕೂಗಿ ಹೇಳುವ ಪ್ರೋಗ್ರಾಂ ಬರೆದಿದ್ದೇನೆ. ಹರಾಜಿನ ಹೊತ್ತಿಗೆ ಸೌಂಡ್ ಜೋರಾಗಬೇಕು, ಮುಗಿದ ಮೇಲೆ ತಾನಾಗಿ ಇಳಿಯಬೇಕು. ವಿಂಡೋಸ್‌ನ ವಾಲ್ಯೂಮ್ ಬದಲಿಸುವ ಫಂಕ್ಷನ್ ವೇವ್‌ಔಟ್‌ಸೆಟ್‌ವಾಲ್ಯೂಮ್ ಕರೆದರೆ ಎರರ್ ಏನೂ ಬರಲ್ಲ. ಆದರೆ ಟಾಸ್ಕ್‌ಬಾರಿನ ಸ್ಲೈಡರ್ ಅಲುಗಾಡಲ್ಲ, ಬ್ರೌಸರಿನ ಹಾಡೂ ಹಾಗೇ ಜೋರಾಗಿರುತ್ತೆ.

ತುಮಕೂರು ತಂತಿ:
ಆ ಫಂಕ್ಷನ್ ಕೆಲಸ ಮಾಡ್ತಾ ಇದೆ, ನಿಮ್ಮ ಪ್ರೋಗ್ರಾಂ ಮಟ್ಟಿಗೆ ಮಾತ್ರ. ವಿಸ್ಟಾ ಬಂದಾಗಿನಿಂದ ವಿಂಡೋಸ್ ಒಂದೊಂದು ಪ್ರೋಗ್ರಾಂಗೂ ಬೇರೆ ವಾಲ್ಯೂಮ್ ಇಟ್ಟಿದೆ. ವಾಲ್ಯೂಮ್ ಮಿಕ್ಸರ್ ತೆರೆದಿಟ್ಟು ಓಡಿಸಿ, ಪೈಥಾನ್ ಸ್ಲೈಡರ್ ಇಳಿಯೋದು ಕಾಣುತ್ತೆ.

ಮಾಸ್ಟರ್ ಸೌಂಡೇ ಬೇಕಾದರೆ ವಿಂಡೋಸ್‌ನ ಸೌಂಡ್ ವ್ಯವಸ್ಥೆಯಾದ ಕೋರ್ ಆಡಿಯೋದ ಐಆಡಿಯೋಎಂಡ್‌ಪಾಯಿಂಟ್‌ವಾಲ್ಯೂಮ್ ಹಿಡಿಯಬೇಕು. ಅದಕ್ಕೆ ಪೈಥಾನ್‌ನಲ್ಲಿ ಪೈಕಾ (pycaw) ಲೈಬ್ರರಿ ಇದೆ, ಲೈಬ್ರರಿ ಇನ್‌ಸ್ಟಾಲ್ ಮಾಡುವ ಪಿಪ್‌ನಲ್ಲಿ ಸಿಗುತ್ತೆ. ಅದರ ಗೆಟ್‌ಸ್ಪೀಕರ್ಸ್ ಡಿಫಾಲ್ಟ್ ಸ್ಪೀಕರ್ ಕೊಡುತ್ತೆ. ಆಮೇಲೆ ಸೆಟ್‌ಮಾಸ್ಟರ್‌ವಾಲ್ಯೂಮ್‌ಲೆವೆಲ್‌ಸ್ಕೇಲಾರ್‌ಗೆ 0.0ಯಿಂದ 1.0ರೊಳಗಿನ ಸಂಖ್ಯೆ ಕೊಡಿ. 0.4 ಕೊಟ್ಟರೆ ಸ್ಲೈಡರ್ 40ಕ್ಕೆ ಬರುತ್ತೆ.

ಒಂದು ಎಚ್ಚರಿಕೆ. ಹೆಸರಿನ ಕೊನೆಗೆ ಸ್ಕೇಲಾರ್ ಇಲ್ಲದ ಇನ್ನೊಂದು ಫಂಕ್ಷನ್ ಇದೆ, ಅದು ಡೆಸಿಬೆಲ್ ಲೆಕ್ಕದ್ದು. ಸೌಂಡ್ ನಿಲ್ಲುತ್ತೆ ಅಂತ ಅದಕ್ಕೆ 0 ಕೊಡಬೇಡಿ. ಬಹಳಷ್ಟು ಸೌಂಡ್ ಕಾರ್ಡುಗಳಲ್ಲಿ 0 ಡೆಸಿಬೆಲ್ ಅಂದರೆ ಪೂರ್ತಿ ಸೌಂಡ್. ಆಂಪ್ಲಿಫೈಯರ್ ಹಾಕಿದ್ದರೆ ಹತ್ತಿರ ನಿಂತವರ ಕಿವಿ ಹೋಗುತ್ತೆ.

ಮಂಡಿ ಹುಡುಗ, ಕೋಲಾರ:
ಸ್ಲೈಡರ್ ಓಡ್ತು ಅಣ್ಣ, ತುಂಬಾ ಥ್ಯಾಂಕ್ಸ್! ಆದರೆ ಅದೇ ಕೋಡ್ ಟೈಮರ್ ಥ್ರೆಡ್ಡಿಗೆ (ಮುಖ್ಯ ಕೋಡ್ ಜೊತೆಜೊತೆಗೇ ಓಡುವ ಇನ್ನೊಂದು ಎಳೆ) ಹಾಕಿದರೆ ಕೋಇನಿಷಿಯಲೈಸ್ ಕರೆದಿಲ್ಲ ಅಂತ ಎರರ್. ಜೊತೆಗೆ ಯುಎಸ್‌ಬಿ ಸ್ಪೀಕರ್ ಕಿತ್ತು ಮತ್ತೆ ಚುಚ್ಚಿದರೆ ಪ್ರೋಗ್ರಾಂ ಅದನ್ನು ಮುಟ್ಟೋದೇ ಇಲ್ಲ.

ಚಿಂತಾಮಣಿ ಕೋಡರ್:
ಇದು ಕಾಮ್‌ನ (ಪ್ರೋಗ್ರಾಂಗಳು ವಿಂಡೋಸ್‌ನ ಭಾಗಗಳನ್ನು ಬಳಸುವ ವ್ಯವಸ್ಥೆ, ಪೈಕಾ ಇದರ ಮೂಲಕವೇ ಕೆಲಸ ಮಾಡುತ್ತೆ) ನಿಯಮ: ಬಳಸುವ ಪ್ರತಿ ಥ್ರೆಡ್ಡೂ ಅದನ್ನು ಶುರು ಮಾಡಿಕೊಳ್ಳಬೇಕು. ಟೈಮರ್ ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಕಾಮ್‌ಟೈಪ್ಸ್‌ನ (ಪೈಥಾನ್‌ನಿಂದ ಕಾಮ್ ಬಳಸುವ ಲೈಬ್ರರಿ) ಕೋಇನಿಷಿಯಲೈಸ್ ಕರೆಯಿರಿ, ಕೊನೆಯಲ್ಲಿ ಕೋಅನ್‌ಇನಿಷಿಯಲೈಸ್.

ಸ್ಪೀಕರಿಗೂ ಉಪಾಯ ಸುಲಭ. ಪ್ರೋಗ್ರಾಂ ಶುರುವಿನಲ್ಲಿ ತಗೊಂಡ ಆಬ್ಜೆಕ್ಟನ್ನೇ ಇಟ್ಟುಕೊಳ್ಳಬೇಡಿ. ಸೌಂಡ್ ಬದಲಿಸುವ ಪ್ರತಿ ಸಲವೂ ಗೆಟ್‌ಸ್ಪೀಕರ್ಸ್ ಹೊಸದಾಗಿ ಕೇಳಿ, ಆ ಹೊತ್ತಿಗೆ ಯಾವುದು ಡಿಫಾಲ್ಟೋ ಅದೇ ಸಿಗುತ್ತೆ.

ಮಂಡಿ ಹುಡುಗ, ಕೋಲಾರ:
ಎರಡೂ ಸರಿಹೋಯ್ತು. ನಾಳೆ ಬೆಳಿಗ್ಗೆ ಹರಾಜಿಗೆ ಹಾಕ್ತೀನಿ.

ತುಮಕೂರು ತಂತಿ:
ಹಾಕುವ ಮುಂಚೆ ಸೆಟ್‌ಮ್ಯೂಟ್‌ಗೆ 0 ಕೊಡುವ ಸಾಲೂ ಸೇರಿಸಿ. ಯಾರಾದರೂ ಮ್ಯೂಟ್ ಒತ್ತಿಟ್ಟಿದ್ದರೆ ಕೋಡ್‌ನಿಂದ ವಾಲ್ಯೂಮ್ ಎಷ್ಟು ಏರಿಸಿದರೂ ಮ್ಯೂಟ್ ತಾನಾಗಿ ತೆಗೆಯಲ್ಲ.