‘ಟ್ರಯಲ್, ಸಂಬಳ ಇಲ್ಲ’ ಅಂತ ಸೈನ್ ಹಾಕಿಸಿಕೊಂಡರೆ ಹಕ್ಕು ಹೋಗುತ್ತಾ?

ಸರಸ್ವತಿಪುರಂ: ದಸರಾ ಸೀಸನ್‌ಗೆ ಮೈಸೂರಿನ ಬಟ್ಟೆ ಅಂಗಡಿಗಳಲ್ಲಿ ಸೇಲ್ಸ್‌ಗೆ ಹೊಸಬರನ್ನ ತಗೋತಾರೆ. ‘10 ದಿನ ಟ್ರಯಲ್, ಸಂಬಳ ಇಲ್ಲ’ ಅಂತ ಬರೆಸಿಕೊಂಡಿದ್ದರೆ ಆಮೇಲೆ ಕೇಳೋ ಹಾಗಿಲ್ವಾ?

ಹೆಬ್ಬಾಳ್ ಎಚ್‌ಆರ್: ಒಪ್ಪಿ ಸೈನ್ ಹಾಕಿದ ಮೇಲೆ ಕಷ್ಟ. ಕೆಲಸ ಬರುತ್ತಾ ಅಂತ ನೋಡೋದು ಬೇಡ್ವಾ? ಟೈಲರ್ ಕೈಲಿ ಒಂದು ತೋಳು ಹೊಲಿಸಿ ನೋಡಿದ್ದಕ್ಕೂ ಕೂಲಿನಾ?

ಕಾರ್ಮಿಕ ವಕೀಲೆ: ಒಂದು ತೋಳು ಹೊಲಿಸೋದು ಪರೀಕ್ಷೆ ಸಾರ್. 10 ದಿನ ಕೌಂಟರ್‌ನಲ್ಲಿ ನಿಂತು ಗಿರಾಕಿಗಳಿಗೆ ಸೀರೆ ತೋರಿಸೋದು ಕೆಲಸ. ಇಷ್ಟು ಗಂಟೆವರೆಗೆ ಪರೀಕ್ಷೆ ಅಂತ ಕಾಯ್ದೆ ಗೆರೆ ಎಳೆದಿಲ್ಲ. ಡ್ಯೂಟಿ ಟೈಮ್ ಹಾಕಿದ್ರಾ, ಆ ದುಡಿಮೆಯಿಂದ ವ್ಯಾಪಾರ ಆಯ್ತಾ ಅಂತ ನೋಡಬೇಕು. ಇನ್ನು ಸೈನ್. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 5ನೇ ಸೆಕ್ಷನ್ ಪ್ರಕಾರ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡೋ ಹಾಗಿಲ್ಲ. ಆ ಹಕ್ಕು ಬಿಟ್ಟುಕೊಡೋ ಒಪ್ಪಂದ 60ನೇ ಸೆಕ್ಷನ್ ಪ್ರಕಾರ ಅಸಿಂಧು. ಕನಿಷ್ಠ ವೇತನ ಕೊಡದೆ ದುಡಿಸೋದು ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ ಅಂತ ಏಷ್ಯಾಡ್ (ದೆಹಲಿ ಏಷ್ಯನ್ ಕ್ರೀಡಾಕೂಟ) ಕಾಮಗಾರಿ ಕೂಲಿಕಾರರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಹೆಬ್ಬಾಳ್ ಎಚ್‌ಆರ್: ಅಪ್ರೆಂಟಿಸ್ ಅಂತ ತಗೊಂಡ್ರೆ?

ಕಾರ್ಮಿಕ ವಕೀಲೆ: ಅದಕ್ಕೆ 1961ರ ಕಾಯ್ದೆ ಪ್ರಕಾರ ಒಪ್ಪಂದ ನೋಂದಣಿ ಆಗಬೇಕು, ಸ್ಟೈಪೆಂಡ್ ಕೊಡಬೇಕು. ಬಾಯಿಮಾತಿನ ‘ಟ್ರೈನಿ’ ಅಪ್ರೆಂಟಿಸ್ ಅಲ್ಲ.

ಮಂಡ್ಯ ಯೂನಿಯನ್: ಮೇಡಂ ಹೇಳಿದ್ದು ಸರಿ, ಆದ್ರೆ ಕೇಸು ಬಿದ್ದೋಗೋದು ಸಾಕ್ಷಿ ಇಲ್ದೆ. ದುಡ್ಡು ಕೊಟ್ಟಿದ್ದೀವಿ ಅಂತ ತೋರ್ಸೋ ಹೊಣೆ ಮಾಲೀಕಂದು, 59ನೇ ಸೆಕ್ಷನ್. ‘ಇವ್ರು ನಮ್ಮಲ್ಲಿ ಕೆಲಸಾನೇ ಮಾಡಿಲ್ಲ’ ಅಂದ್ಬುಟ್ರೆ? ಟ್ರಯಲ್‌ನೋರ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ದೇ ಇರಬಹುದು. ‘ನಾಳೆ 10ಕ್ಕೆ ಬಾ’ ಅನ್ನೋ ವಾಟ್ಸಾಪ್ ಮೆಸೇಜು, ಡ್ಯೂಟಿ ಚಾರ್ಟ್ ಫೋಟೊ ಮೊದಲ ದಿನದಿಂದ್ಲೇ ಎತ್ತಿಡಬೇಕು. ಗ್ರೂಪಿಂದ ತೆಗೆದ ಮೇಲೆ ಪರದಾಡ್ಬೇಕಾಗ್ತದೆ. ಆ ಸೈನ್ ಹಾಕಿದ ಕಾಗದ ಇದ್ಯಲ್ಲ, ಅದರ ಫೋಟೊನೂ ತಗೊಳ್ಳಿ. ಸಂಬಳ ಇಲ್ಲ ಅನ್ನೋ ಮಾತು ನಿಲ್ಲಲ್ಲ, ಕೆಲಸಕ್ಕೆ ಇಟ್ಕೊಂಡಿದ್ರು ಅನ್ನೋದಕ್ಕೆ ಅದೇ ಸಾಕ್ಷಿ.

ಸರಸ್ವತಿಪುರಂ: ಲೆಕ್ಕ ಹೇಗೆ, ಎಲ್ಲಿಗೆ ಹೋಗಬೇಕು?

ಕಾರ್ಮಿಕ ವಕೀಲೆ: ಆ ಕೆಲಸದ ತಿಂಗಳ ಕನಿಷ್ಠ ವೇತನವನ್ನ 26ರಿಂದ ಭಾಗಿಸಿ, ದುಡಿದ ದಿನಗಳಿಂದ ಗುಣಿಸಿ. ಅದರಲ್ಲಿ ಸೇರಿರೋ ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾಗುತ್ತೆ, ಹಳೇ ದರ ಹಿಡಿಯಬೇಡಿ. ಕೆಲಸದಿಂದ ತೆಗೆದರೂ ಬಿಟ್ಟರೂ 2 ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಆಗಬೇಕು. ಆಗದಿದ್ದರೆ ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ರಸೀದಿ ಇಟ್ಟುಕೊಂಡು ಕಾರ್ಮಿಕ ಇಲಾಖೆಗೆ ದೂರು ಕೊಡಿ. ಕ್ಲೇಮು ಹಾಕೋಕೆ 3 ವರ್ಷ ಗಡುವು. ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಮಂಡ್ಯ ಯೂನಿಯನ್: ಮಧ್ಯದಲ್ಲಿ ಒಂದಿಷ್ಟು ಕೈಗೆ ಕೊಟ್ಟು ‘ಪೂರ್ತಿ ಬಂತು’ ಅಂತ ಬರೆಸ್ಕೊಳ್ಳೋಕೆ ಬಂದ್ರೆ, ಮೊತ್ತ, ತಾರೀಕು, ‘ಉಳಿದದ್ದು ಬಾಕಿ’ ಅಂತ ಬರೆದೇ ಸೈನ್ ಹಾಕಿ.