ಲೆನ್ಸ್ ಫ್ಲೇರ್‌ಗೆ ‘ಬಿಸಿಲುಕೋಲು’ ಸರಿಯಾ? ‘ಮಾರ್ಬೆಳಕು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಕಾಲೇಜು ಹುಡುಗರಿಗೆ ಫೋಟೋ ತೆಗೆಯುವುದನ್ನು ಹೇಳಿಕೊಡಲು ನಾವು ನಾಲ್ಕೈದು ಜನ ಸೇರಿ ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಪೂರ್ತಿ ಕನ್ನಡದಲ್ಲೇ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇವೆ.

ಸೂರ್ಯನಿಗೆ ಎದುರಾಗಿ ಫೋಟೋ ತೆಗೆದರೆ ಹಸಿರು, ನೇರಳೆ ಬೊಟ್ಟುಗಳು ಸಾಲಾಗಿ ಮೂಡುತ್ತವಲ್ಲ, ಆ ಲೆನ್ಸ್ ಫ್ಲೇರ್‌ಗೆ ಕರಡಿನಲ್ಲಿ ಗೆಳೆಯರೊಬ್ಬರು ‘ಬಿಸಿಲುಕೋಲು’ ಎಂದು ಬರೆದಿದ್ದಾರೆ. ಕೇಳಲು ಚಂದ. ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ನಮ್ಮದು ಹಂಚಿನ ಮನೆ. ಬೆಳಿಗ್ಗೆ ಒಲೆಯ ಹೊಗೆ ತುಂಬಿರುವಾಗ ಹಂಚಿನ ಸಂದಿಯಿಂದ ಬಿಸಿಲು ಓರೆಯಾಗಿ ಇಳಿಯುತ್ತದೆ. ಕೈಯಲ್ಲಿ ಹಿಡಿದುಬಿಡಬಹುದು ಅನ್ನಿಸುತ್ತದೆ. ಅದರೊಳಗೆ ಧೂಳು ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ನೆಲದ ಮೇಲೆ ಎಲ್ಲಿಗೆ ಬಂತು ಎಂದು ನೋಡಿಯೇ ಅಮ್ಮ ಗಂಟೆ ಹೇಳುತ್ತಿದ್ದರು. ನನಗೆ ಬಿಸಿಲುಕೋಲು ಅಂದರೆ ಅದು. ಮಂಜು ಬಿದ್ದ ದಿನ ಅಡಿಕೆ ತೋಟದೊಳಗೂ ಇದೇ ಕಾಣುತ್ತದೆ. ಕ್ಯಾಮೆರಾ ಇರಲಿ, ಇಲ್ಲದಿರಲಿ, ಅದು ಅಲ್ಲಿ ಇರುತ್ತದೆ. ಫ್ಲೇರ್ ಹುಟ್ಟುವುದು ಲೆನ್ಸಿನ ಹೊಟ್ಟೆಯೊಳಗೆ.

ಕುಂದಾದ್ರಿ ಬೆಟ್ಟದಲ್ಲಿ ಒಂದು ಬೆಳಿಗ್ಗೆ ಇದು ಚೆನ್ನಾಗಿ ಗೊತ್ತಾಯಿತು. ಸೂರ್ಯ ಚಿತ್ರದ ಬಲಗಡೆ ಮೇಲಿನ ಮೂಲೆಯಲ್ಲಿದ್ದ. ಹಸಿರು ಬೊಟ್ಟು ಎಡಗಡೆ ಕೆಳಗೆ, ಬಸದಿಯ ಗೋಡೆಯ ಮೇಲೆ ಸರಿಯಾಗಿ ಕೂತಿತ್ತು. ಕ್ಯಾಮೆರಾ ಸ್ವಲ್ಪ ತಿರುಗಿಸಿದೆ. ಸೂರ್ಯ ಚಿತ್ರದ ನಡುವಿಗೆ ಸರಿದ ಹಾಗೆ ಬೊಟ್ಟೂ ಎದುರಿನಿಂದ ನಡುವಿಗೆ ಸರಿಯಿತು. ಅಂಗೈ ಚಾಚಿ ಲೆನ್ಸಿಗೆ ಸೂರ್ಯನನ್ನು ಮರೆ ಮಾಡಿದೆ. ಬೊಟ್ಟು ಮಾಯ! ಕೆಳಗೆ ಕಣಿವೆಯ ಮಂಜಿನಲ್ಲಿ ಮರಗಳ ನಡುವೆ ಇಳಿಯುತ್ತಿದ್ದ ಬಿಸಿಲುಕೋಲುಗಳು ಮಾತ್ರ ಹಾಗೇ ಇದ್ದವು. ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಹುಡುಗರು ಚಿತ್ರದಲ್ಲಿ ಉಳಿಸಿಕೊಳ್ಳಬೇಕಾದ ಬಿಸಿಲುಕೋಲನ್ನೂ ಕಳೆದುಕೊಳ್ಳುತ್ತಾರೆ, ಅಲ್ವಾ?

ನನಗೆ ಹೊಳೆದ ಪದ ‘ಮಾರ್ಬೆಳಕು’. ಗುಡ್ಡಕ್ಕೆ ಬಡಿದು ವಾಪಸ್ ಬರುವ ದನಿ ಮಾರ್ದನಿ. ಇಲ್ಲೂ ಹಾಗೆಯೇ. ಲೇಪನ ಇಲ್ಲದ ಗಾಜಿನ ಒಂದೊಂದು ಮೈಯಿಂದ ಸುಮಾರು ಶೇಕಡಾ 4ರಷ್ಟು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಹಾಗೆ ಪುಟಿದದ್ದು ಇನ್ನೊಂದು ಗಾಜಿಗೆ ಬಡಿದು ಮತ್ತೆ ಮುಂದಕ್ಕೆ ಹೋಗಿ ಚಿತ್ರದಲ್ಲಿ ಬೀಳುತ್ತದೆ. ಈಗಿನ ಲೆನ್ಸುಗಳಲ್ಲಿ ಲೇಪನ ಇರುವುದರಿಂದ ಇದು ತುಂಬಾ ಕಡಿಮೆ, ಆದರೆ ಸೂರ್ಯನಂಥ ಬೆಳಕಿಗೆ ಅಷ್ಟೇ ಸಾಕು. ರಾತ್ರಿ ಇನ್ನೂ ಚೆನ್ನಾಗಿ ಕಾಣುತ್ತದೆ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತೆಪ್ಪದ ದೀಪಗಳನ್ನು ತೆಗೆಯುವಾಗ ಲೆನ್ಸಿನ ಮುಂದೆ ಯುವಿ ಫಿಲ್ಟರ್ ಎಂಬ ಗಾಜು ಇತ್ತು. ಕಪ್ಪು ಆಕಾಶದಲ್ಲಿ ಅವೇ ದೀಪಗಳು ತಲೆಕೆಳಗಾಗಿ ಮೂಡಿದವು. ಫಿಲ್ಟರ್ ಬಿಚ್ಚಿದೆ, ಹೋದವು. ಇದಕ್ಕೆ ಇಂಗ್ಲಿಷಿನಲ್ಲಿ ‘ಘೋಸ್ಟ್’ ಅನ್ನುತ್ತಾರೆ. ‘ಭೂತ’ ಎಂದು ಬರೆಯಲು ನನಗೆ ಇಷ್ಟವಿಲ್ಲ. ನಮ್ಮ ಕಡೆ ಭೂತಕ್ಕೆ ಬನ ಇದೆ, ಪೂಜೆ ಇದೆ.

‘ಕೋರೈಸು’ ಎಂಬ ಸಲಹೆಯೂ ಬಂದಿದೆ. ಆದರೆ ಬೆಳಕು ಕೋರೈಸುವುದು ಕಣ್ಣನ್ನು. ‘ಲೆನ್ಸ್ ಕೋರೈಸಿತು’ ಎಂದು ನಾನು ಎಲ್ಲೂ ಕೇಳಿಲ್ಲ. ಬೊಟ್ಟು ಬರದೆ ಚಿತ್ರವೆಲ್ಲ ಸಪ್ಪೆಯಾಗಿ, ಕಪ್ಪು ಬಣ್ಣವೂ ಬೂದಿಯ ಹಾಗೆ ಕಂಡರೆ ‘ಬಿಳಿಚಿಕೊಂಡಿದೆ’ ಅನ್ನುತ್ತೇವೆ. ಅಲ್ಲಿ ಹೊಸ ಪದ ಬೇಡ.

ಇನ್ನು ‘ಕಲೆ’. ಶಿವಮೊಗ್ಗದಲ್ಲಿ ಒಬ್ಬರು ನನ್ನ ಫೋಟೋ ನೋಡಿ “ಲೆನ್ಸಲ್ಲಿ ಕಲೆ ಇದೆ, ಒರೆಸಿ” ಅಂದರು. ಕಲೆ ಅಂದ ಮೇಲೆ ಒರೆಸಲೇಬೇಕಲ್ಲ. ಒರೆಸಿ ಒರೆಸಿ ಗಾಜಿನ ಮೇಲೆ ಗೀರು ಬಿತ್ತು, ಚುಕ್ಕೆ ಹೋಗಲಿಲ್ಲ. ಅದು ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೆ ಕೂತ ಧೂಳು. ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿ ಇರುತ್ತದೆ. ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಕಿರಿದು ಮಾಡಿದರೆ ಕಪ್ಪಗೆ ಎದ್ದು ಕಾಣುತ್ತದೆ, ಎಫ್/2.8ಕ್ಕೆ ಅಗಲವಾಗಿ ತೆರೆದರೆ ಕರಗಿಹೋಗುತ್ತದೆ. ಬಟ್ಟೆ ಬೇಡ, ಗಾಳಿ ಊದುವ ರಬ್ಬರ್ ಬುರುಡೆ ಸಾಕು. ಅದಕ್ಕೇ ಕೈಪಿಡಿಯಲ್ಲಿ ‘ಕಲೆ’ ಬಿಟ್ಟು ‘ಧೂಳುಚುಕ್ಕೆ’ ಎಂದು ಬರೆಯೋಣ ಅಂತಿದ್ದೇನೆ. ಆಗುಂಬೆ ಮಳೆಯಲ್ಲಿ ಗಾಜಿನ ಮೇಲೆ ಬಿದ್ದದ್ದು ಹನಿ. ಮಳೆಗಾಲ ಕಳೆದ ಮೇಲೆ ಲೆನ್ಸಿನೊಳಗೆ ಜೇಡನ ಬಲೆಯ ಹಾಗೆ ಹಬ್ಬುವುದು ಬೂಷ್ಟು. ಇವೆರಡಕ್ಕೂ ಮಲೆನಾಡಿನವರಿಗೆ ಪದ ಹುಡುಕಿಕೊಡಬೇಕಿಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು. ಹಳಗನ್ನಡದಲ್ಲಿ ಬೆಮರ್ (ಬೆವರು), ಪನಿ (ಹನಿ) ಸೇರಿ ‘ಬೆಮರ್ವನಿ’ ಆಗುತ್ತದಲ್ಲ, ಹಾಗೆ ಇದೂ ‘ಮಾರ್ವೆಳಕು’ ಆಗಬೇಕಾ? ‘ಮಾರ್ಬೆಳಕು’ ಅಂದರೆ ಹುಡುಗರಿಗೆ ‘ಬೆಳಕು’ ಥಟ್ಟನೆ ಕಾಣುತ್ತದೆ, ಅದಕ್ಕೇ ನನಗೆ ಅದೇ ಇಷ್ಟ. ಇನ್ನೊಂದು, ನಿಮ್ಮ ಊರಿನಲ್ಲಿ ಬಿಸಿಲುಕೋಲು ಅಂದರೆ ಏನು? ಬೆಳಕಿನ ಕೋಲಾ, ಅಥವಾ ಅದು ನೆಲಕ್ಕೆ ಬಿದ್ದ ಬಿಲ್ಲೆಯೂ ಸೇರುತ್ತದಾ? ನಮ್ಮ ಮನೆಯಲ್ಲೇ ಇದಕ್ಕೆ ಎರಡು ಉತ್ತರ ಬಂದಿದೆ. ನಿಮ್ಮ ಕಡೆಯ ಮಾತನ್ನು ಊರಿನ ಹೆಸರಿನ ಜೊತೆ ತಿಳಿಸಿ.